ಬೂಷ್ಟಿನ ಬೆಳೆಯಿಂದ ಕಣ್ಣಿನ ರೋಗಪರೀಕ್ಷೆ

ಒಕ್ಕಣೆಯ ಕಾಲದಲ್ಲಿ ಭತ್ತದ ಸುಂಕಾಗಲಿ, ಕಬ್ಬನ್ನು ಕಡಿಯುವಾಗ ಅದರ ಗರಿಯ ಅಂಚಾಗಲಿ ಕಣ್ಣಿಗೆ ತಗಲುವುದು ಬೇಸಾಯಗಾರರಲ್ಲಿ ಸಾಮಾನ್ಯವಾದ ಸಂಗತಿ. ಗಾಯವು ಅತ್ಯಲ್ಪವೆಂದು ಅನೇಕರು ಅದನ್ನು ಉಪೇಕ್ಷಿಸುವರು. ಆದರೆ ಕೆಲವು ದಿವಸಗಳಲ್ಲಿ ಕಣ್ಣು ಕೆಂಪೇರಿ, ನೋವುಂಟಾಗಿ, ಕರಿಗುಡ್ಡೆಯ ಮೇಲೆ ಬಿಳಿಯ ಮಚ್ಚೆಯು ಕಾಣಿಸಿಕೊಂಡರೆ ದೃಷ್ಟಿಗೇ ಅಪಾಯವೊದಗಿದೆಯೆಂದು ತಿಳಿಯತಕ್ಕದ್ದು.

ಇದಕ್ಕೆ ಕಾರಣವುಂಟು. ಮಣ್ಣಿನಲ್ಲಿಯೂ ಒಣಗಿದ ಎಲೆಹುಲ್ಲುಗಳಲ್ಲಿಯೂ ಬೂಷ್ಟಿನ ಅತಿ ಸೂಕ್ಷ್ಮವಾದ ಬೀಜಕಣಗಳು ಸದಾ ಇರುತ್ತವೆ. ಇವು ಗಾಯದ ಮೂಲಕ ಕಣ್ಣನ್ನು ಹೊಕ್ಕು, ಅಲ್ಲಿಯೇ ಬೆಳೆದು ಹುಣ್ಣನ್ನುಂಟುಮಾಡುವುವು. ದಕ್ಷಿಣ ಭಾರತದಲ್ಲಿ ಇಂತಹ ಹುಣ್ಣುಗಳಿಗೆ ಹೆಚ್ಚಾಗಿ ಕಾರಣವಾಗುವುವು ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಎಂಬ ಎರಡು ಕುಲಗಳು. ಬಾಳೆ, ತೊಗರಿಗಳ ಸೊರಗು ರೋಗವು ಮೊದಲನೆಯ ಕುಲದಿಂದಲೂ, ತೇವವುಳ್ಳ ಕಡಲೆಕಾಯಿಯಲ್ಲಿ ಹುಟ್ಟುವ ವಿಷವು ಎರಡನೆಯ ಕುಲದಿಂದಲೂ ಬರುತ್ತವೆ.

ಬೂಷ್ಟಿನ ಹುಣ್ಣನ್ನೂ ಬ್ಯಾಕ್ಟೀರಿಯಾಗಳಿಂದಾದ ಹುಣ್ಣನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಪ್ರವೀಣರಿಗೂ ಕಷ್ಟ. ಆದುದರಿಂದ ವೈದ್ಯರು ನೋವು ತಿಳಿಯದಂತೆ ಔಷಧವನ್ನು ಹಾಕಿ, ಹುಣ್ಣಿನಿಂದ ಸ್ವಲ್ಪ ಅಂಶವನ್ನು ಕೆರೆದು ತೆಗೆಯುವರು. ಅದರಲ್ಲೊಂದು ಭಾಗವನ್ನು ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡುವರು. ಉಳಿದುದನ್ನು ಸಕ್ಕರೆ, ಪೆಪ್ಟೋನ್, ಕಡಲಪಾಚಿಯ ಅಂಟು ಇವುಗಳಿಂದ ಮಾಡಿದ ಗಟ್ಟಿ ಪಾಕದ ಮೇಲೆ ಬಿತ್ತುವರು. ಫ್ರಾನ್ಸ್ ದೇಶದ ಚರ್ಮವೈದ್ಯ ಸಬುರೋ ಎಂಬವರ ಹೆಸರು ಈ ಪಾಕಕ್ಕೆ ಬಂದಿದೆ. ಸಸಿಮಡಿಯಲ್ಲಿ ಮೊಳೆತ ಪೈರನ್ನು ನೋಡಿ ರೈತನು ಬೀಜದ ಜಾತಿಯನ್ನು ತಿಳಿಯುವಂತೆ, ಇಲ್ಲಿ ಬೆಳೆದ ಬೂಷ್ಟಿನ ಬಣ್ಣ, ರಚನೆ, ಬೀಜಕಣಗಳ ಆಕಾರಗಳಿಂದ ಅದರ ಕುಲವು ಗೊತ್ತಾಗುತ್ತದೆ. ಬೆಳೆಯು ಕೆಲವು ವೇಳೆ ಎರಡು ಮೂರು ದಿವಸಗಳಲ್ಲಿಯೂ, ಕೆಲವು ವೇಳೆ ವಾರಕ್ಕೆ ಮೀರಿಯೂ ಕಾಣಿಸಿಕೊಳ್ಳಬಹುದು.

ಈ ಪರೀಕ್ಷೆಯಿಂದ ಫಲವೇನೆಂದು ಕೇಳಬಹುದು. 1928ರಲ್ಲಿ ಲಂಡನ್ ನಗರದಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬವರು ಒಂದು ಬಗೆಯ ಬೂಷ್ಟಿನಲ್ಲಿಯೇ ಕಂಡುಹಿಡಿದ ಪೆನಿಸಿಲಿನ್ ಔಷಧವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದೇ ಹೊರತು ಬೂಷ್ಟನ್ನು ಕೊಲ್ಲಲಾರದು. ಈ ವರ್ಗದ ಇತರ ಔಷಧಗಳೂ ಸಾಮಾನ್ಯವಾಗಿ ಹಾಗೆಯೇ. ಬೂಷ್ಟಿಗೆ ಬೇರೆ ಮದ್ದೇ ಬೇಕು. ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಟಾಮೈಸಿನ್ ಎಂಬ ಹನಿಮದ್ದು, ಅದರಲ್ಲಿಯೂ ಫ್ಯುಸೇರಿಯಂ ಹುಣ್ಣಿಗೆ, ವೊರಿಕೊನಜೋಲ್ ಎಂಬುದಕ್ಕಿಂತ ಹೆಚ್ಚು ಗುಣಕಾರಿಯೆಂದು ಕಂಡುಬಂದಿತು. ಸ್ಟೀರಾಯ್ಡ್ ಬೆರೆತ ಹನಿಮದ್ದಾದರೋ ಕೆಂಪನ್ನು ಇಳಿಸಿ ಗುಣವಾದಂತೆ ತೋರಿದರೂ, ಒಳಗೆ ಬೂಷ್ಟಿನ ಬೆಳವಣಿಗೆಗೆ ಸಹಾಯಕವಾಗುವುದು.

ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಮ್ಮ ಆಳುಕಾಳುಗಳಿಗೆ ಈ ವಿಷಯಗಳನ್ನು ತಿಳಿಯಹೇಳಬೇಕು: ಒಕ್ಕುವಾಗಲೂ ತೂರುವಾಗಲೂ ಕಣ್ಣಿಗೆ ಕನ್ನಡಕದ ಮರೆಯಿರಲಿ, ಗಾಯವಾದ ಕಣ್ಣನ್ನು ಉಜ್ಜಬಾರದು, ಎದೆಹಾಲು, ಸೊಪ್ಪಿನ ರಸ, ಹರಳೆಣ್ಣೆಗಳನ್ನು ಹಾಕಬಾರದು, ಅಂಗಡಿಯಿಂದ ತಾವಾಗಿ ಹನಿಮದ್ದನ್ನು ತರಬಾರದು, ಆ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಯಾವ ಪೈರಿನಿಂದ ಗಾಯವಾಯಿತೆಂಬುದನ್ನು ತಪ್ಪದೆ ಹೇಳಬೇಕು. ಸುಗ್ಗಿಯ ಒಂದು ದಿವಸದ ಕೂಲಿ ಹೋದರೆ ಮರಳಿ ದುಡಿಯಬಹುದು. ಹೋದ ಕಣ್ಣು ಮರಳಿ ಬರುವುದು ದುರ್ಲಭ.