ಹಾಲು ಉಕ್ಕುವ ಮುನ್ನ

ಅಡ್ಡಕೋಲು ಹಾರಿ, ಸುರಂಗದಲ್ಲಿ ನುಸುಳಿ ನಾಯಿಗಳು ಓಡುವ ‘ಅಜಿಲಿಟಿ’ ಆಟ 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ ಶುರುವಾದದ್ದು. ನನ್ನ ಮಗಳೂ ನಮ್ಮ ಮೋತಿಗೆ ಇದನ್ನು ಕಲಿಸಹೊರಟಳು. ಮೈದಾನ ಕಂಡೊಡನೆ ಅವನು ಬೊಗಳಿ ಹಗ್ಗ ಕಚ್ಚುತ್ತಿದ್ದ. ಇವಳು ಕಿರುಚಿದಷ್ಟೂ ಅವನ ಹುಚ್ಚು ಏರುತ್ತಿತ್ತು. ಒಂದು ದಿನ ಕೋಲಿಗೆ ಬಡಿದು ಕುಂಟಿದ. ಮಗಳು ಅತ್ತಳು.

ಆಮೇಲೆ ಕ್ರಮ ಬದಲಾಯಿಸಿದೆವು. ನಿಮ್ಮ ನಾಯಿಯೂ ಹೀಗೇ ಇದ್ದರೆ, ಮೊದಲು ದೂರ ನಿಲ್ಲಿ. ಹುಲ್ಲಿನಲ್ಲಿ ತಿಂಡಿ ಚೆಲ್ಲಿ. ಮೂಸಿ ಹುಡುಕುತ್ತ ಅದು ತಣ್ಣಗಾಗುತ್ತದೆ. ತಿಂಡಿಯನ್ನೂ ಮುಟ್ಟದಿದ್ದರೆ ಇನ್ನೂ ದೂರ ಹೋಗಿ. ತಾನಾಗಿ ನಿಮ್ಮ ಮುಖ ನೋಡಿದಾಗ ಒಂದೇ ಕೋಲು, ಅದೂ ತಗ್ಗಿನಲ್ಲಿ. ಎರಡು ನಿಮಿಷ ಸಾಕು.

ಉತ್ಸಾಹವಿಲ್ಲದೆ ಓಟವಿಲ್ಲ. ಹಾಲು ಉಕ್ಕುವಾಗ ಉರಿ ತಗ್ಗಿಸುತ್ತೇವೆಯೇ ಹೊರತು ಒಲೆ ಆರಿಸುವುದಿಲ್ಲವಲ್ಲ! ನಮ್ಮಲ್ಲಿ ಮೊದಲು ತಗ್ಗಿದ್ದು ಮಗಳ ದನಿ, ಮೋತಿ ಆಮೇಲೆ.