ಕ್ಲೌಡ್‌ನಲ್ಲಿ ಮನೆ ನಿಮ್ಮದು, ಮೀಟರ್ ಮಾತ್ರ ಮಾಲೀಕನ ಕೈಲಿ

ನೀವು ದಿನಾ ಬಳಸುವ ಹಲವು ಆ್ಯಪ್, ಪೋರ್ಟಲ್‌ಗಳು ಓಡುವುದು ವರ್ಚುವಲ್ ಮಷೀನ್‌ಗಳಲ್ಲಿ. ಒಂದು ದೊಡ್ಡ ಸರ್ವರ್, ಅದರೊಳಗೆ ಹಲವು ಬಾಡಿಗೆ ಮನೆಗಳು ಅಂದ್ಕೊಳ್ಳಿ. ಮಾಲೀಕ ‘ಹೋಸ್ಟ್’, ಬಾಡಿಗೆದಾರ ‘ಗೆಸ್ಟ್’. ಮನೆಯೊಳಗೆ ಕಾಲಿಡದೆಯೇ, ಒಳಗೆ ಏನು ನಡೀತಿದೆ ಅಂತ ಮಾಲೀಕನಿಗೆ ಗೊತ್ತಾಗುತ್ತಾ?

ತಕ್ಕಮಟ್ಟಿಗೆ ಗೊತ್ತಾಗುತ್ತೆ. ಲಿನಕ್ಸ್‌ಗೆ 2007ರಲ್ಲಿ ಕೆವಿಎಂ ಸೇರಿತು. ಮುಂದೆ ‘ಪರ್ಫ್ ಕೆವಿಎಂ’ ಎಂಬ ಉಪಕರಣವೂ ಬಂತು. ಇದು ಕೆಲಸ ಮಾಡುವುದು ಎರಡು ರೀತಿ.

ಒಂದು, ಸ್ಯಾಂಪ್ಲಿಂಗ್. ಸೆಕೆಂಡಿಗೆ ನೂರಾರು ಸಲ ಪ್ರೊಸೆಸರನ್ನು ತಡೆದು, ಆ ಕ್ಷಣ ಗೆಸ್ಟ್ ಯಾವ ಸಾಲಿನ ಕೋಡ್ ಓಡಿಸುತ್ತಿತ್ತು ಎಂದು ಬರೆದುಕೊಳ್ಳುತ್ತದೆ. ಸಿಗುವುದು ಬರೀ ವಿಳಾಸ. ಗೆಸ್ಟ್ ಕರ್ನಲ್‌ನ ಹೆಸರುಪಟ್ಟಿಯನ್ನೂ ಕೊಟ್ಟರೆ ವಿಳಾಸಗಳು ಫಂಕ್ಷನ್‌ಗಳ ಹೆಸರಾಗುತ್ತವೆ. ಸಮಯ ಡಿಸ್ಕ್‌ಗೆ ಹೋಯ್ತಾ, ನೆಟ್‌ವರ್ಕ್‌ಗಾ ಅನ್ನೋದು ತಿಳಿಯುತ್ತೆ.

ಎರಡು, ‘ಎಕ್ಸಿಟ್’ ಲೆಕ್ಕ. ಗೆಸ್ಟ್ ತಾನೇ ಮಾಡಲಾಗದ ಕೆಲಸ ಬಂದಾಗ ಹಿಡಿತ ಹೋಸ್ಟ್‌ಗೆ ಮರಳುತ್ತದೆ. ಯಾವ ಕಾರಣಕ್ಕೆ, ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು ‘ಪರ್ಫ್ ಕೆವಿಎಂ ಸ್ಟಾಟ್’ ಎಣಿಸಿಕೊಡುತ್ತದೆ. ಸೈಟ್ ನಿಧಾನವಾದಾಗ ತಪ್ಪು ಕೋಡ್‌ನದ್ದಾ, ಪಕ್ಕದ ಮನೆಯವರ ಗಲಾಟೆಯದ್ದಾ ಅಂತ ಪತ್ತೆ ಹಚ್ಚಲು ಇದು ನಿಜಕ್ಕೂ ಬೇಕು.

ಆದರೆ ಗೆಸ್ಟ್‌ಗೆ ಮಾಲೀಕನ ಬಗ್ಗೆ ಕಾಣುವುದೆಷ್ಟು? ‘ಟಾಪ್’ ಕಮಾಂಡ್‌ನಲ್ಲಿ ‘ಎಸ್‌ಟಿ’ ಎಂಬ ಅಂಕಿ ಇರುತ್ತೆ, ಅಂದರೆ ‘ಸ್ಟೀಲ್ ಟೈಮ್’. ಕೆಲಸಕ್ಕೆ ನಾನು ರೆಡಿ ಇದ್ದೆ, ಪ್ರೊಸೆಸರ್ ಬೇರೆಯವರ ಪಾಲಾಯ್ತು ಅಂತ ಅದು ಹೇಳುತ್ತೆ. ಯಾರ ಪಾಲಾಯ್ತು, ಯಾಕೆ ಅನ್ನೋದು ಹೇಳಲ್ಲ.

ರಾಜಕೀಯ ಇರುವುದು ಇಲ್ಲೇ. ಕೇಂದ್ರದ ‘ಮೇಘರಾಜ್’ ಯೋಜನೆಯಡಿ ಸರ್ಕಾರಿ ಇಲಾಖೆಗಳು ಕ್ಲೌಡ್‌ಗೆ ಹೋಗುತ್ತಿವೆ. ಪಟ್ಟಿಯಲ್ಲಿ ಖಾಸಗಿ ಕಂಪನಿಗಳೂ ಇವೆ. ‘ಡೇಟಾ ದೇಶದೊಳಗೇ ಇದೆ’ ಎಂಬ ಸಮಾಧಾನ, ಹೋಸ್ಟ್ ಯಾರ ಕೈಲಿದೆ ಎಂಬ ಪ್ರಶ್ನೆಗೆ ಉತ್ತರವಲ್ಲ.

ಎಎಂಡಿಯ ಎಸ್‌ಇವಿ, ಇಂಟೆಲ್‌ನ ಟಿಡಿಎಕ್ಸ್‌ನಂಥ ತಂತ್ರಜ್ಞಾನಗಳು ಗೆಸ್ಟ್‌ನ ಮೆಮೊರಿಯನ್ನು ಹೋಸ್ಟ್‌ಗೆ ಓದಲಾಗದಂತೆ ಗೂಢಲಿಪಿಗೆ ಹಾಕುತ್ತವೆ. ಹಾಗಿದ್ದರೂ ಯಾವಾಗ, ಎಷ್ಟು ಪ್ರೊಸೆಸರ್ ಉರಿಯಿತು ಅನ್ನೋದು ಮುಚ್ಚಿಡಲಾಗದು. ಬಾಗಿಲಿಗೆ ಬೀಗ ಹಾಕಿದರೂ ಮೀಟರ್ ತಿರುಗುತ್ತಲೇ ಇರುತ್ತೆ.

ಹಾಗಾಗಿ ಮುಂದಿನ ಸಲ ಇಲಾಖೆಯೊಂದು ಕ್ಲೌಡ್ ಟೆಂಡರ್ ಕರೆದಾಗ ಎರಡು ಪ್ರಶ್ನೆ ಕೇಳೋಣ. ಗೆಸ್ಟ್‌ನ ಮೆಮೊರಿಗೆ ಗೂಢಲಿಪಿಯ ರಕ್ಷಣೆ ಕಡ್ಡಾಯವಾ? ಹೋಸ್ಟ್‌ನಿಂದ ಪ್ರೊಫೈಲಿಂಗ್ ನಡೆದರೆ ಅದರ ದಾಖಲೆ ಬಾಡಿಗೆದಾರನಿಗೆ ಸಿಗುತ್ತಾ?