ಬ್ಯಾಲೆಯ ಟುಟು: ಲಂಗದ ಅಳತೆ ಯಾರು ನಿರ್ಧರಿಸಿದ್ದು?

ಅಕ್ಕನ ಮಗಳ ಐದನೇ ಹುಟ್ಟುಹಬ್ಬಕ್ಕೆ ಫ್ರಾಕ್ ತರೋಣ ಅಂತ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆ. "ಟುಟು ಫ್ರಾಕ್ ತೋರಿಸ್ಲಾ ಮೇಡಂ? ಈಗ ಅದೇ ಓಡ್ತಿರೋದು" ಅಂದ ಅಂಗಡಿ ಹುಡುಗ. ಸೊಂಟದಿಂದ ಕೆಳಗೆ ಗುಲಾಬಿ ಬಣ್ಣದ ನೆಟ್ ಬಟ್ಟೆ ಪದರಪದರವಾಗಿ ಉಬ್ಬಿ ನಿಂತಿತ್ತು. ರಾಜಕುಮಾರಿ, ನಾಜೂಕು, ಹೆಣ್ತನ: ಈ ಲಂಗ ನೋಡಿದರೆ ನಮಗೆ ಹೊಳೆಯುವುದು ಇಷ್ಟೇ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಯಾವ ವಸ್ತು ಕಂಡರೂ "ಇದು ಯಾವ ಸಮಸ್ಯೆಗೆ ಪರಿಹಾರ?" ಅಂತ ಕೇಳುವ ಚಟ ಇನ್ನೂ ಹೋಗಿಲ್ಲ. ಹಾಗೆ ಕೇಳುತ್ತಾ ಟುಟುವಿನ ಚರಿತ್ರೆ ಓದಿದಾಗ ಎದುರಾದದ್ದು ಯಂತ್ರ ಒಡೆದ ಕಾರ್ಮಿಕರು, ಗ್ಯಾಸ್ ದೀಪಗಳು ಮತ್ತು ಸುಟ್ಟಗಾಯದಿಂದ ಸತ್ತ ಇಪ್ಪತ್ತು ವರ್ಷದ ಒಬ್ಬ ಹುಡುಗಿ.

ಕಾಲು ಕಾಣಬೇಕಿತ್ತು

ಬ್ಯಾಲೆಗೆ ಶಾಸ್ತ್ರದ ರೂಪ ಬಂದದ್ದು ಫ್ರಾನ್ಸಿನ ಅರಮನೆಯಲ್ಲಿ. 14ನೇ ಲೂಯಿ 1661ರಲ್ಲಿ ನೃತ್ಯ ಅಕಾಡೆಮಿ ಸ್ಥಾಪಿಸಿದ. ಆದರೆ ಪ್ಯಾರಿಸ್ ಒಪೇರಾದ ವೇದಿಕೆಗೆ ವೃತ್ತಿಪರ ನರ್ತಕಿಯರು ಬಂದದ್ದು 1681ರಲ್ಲಿ. ಅವರ ಉಡುಪು ದರ್ಬಾರಿನದೇ, ನೆಲ ಮುಟ್ಟುವ ಭಾರದ ಲಂಗ. ಪಾದ ಏನು ಮಾಡಿದರೂ ಯಾರಿಗೂ ಕಾಣುತ್ತಿರಲಿಲ್ಲ. 18ನೇ ಶತಮಾನದ ಮೊದಲಾರ್ಧದಲ್ಲಿ ಮರೀ ಕಮಾರ್ಗೊ ಎಂಬ ನರ್ತಕಿ ಲಂಗವನ್ನು ಪಾದದ ಗಂಟಿಗಿಂತ ತುಸು ಮೇಲೇರಿಸಿದಳು. ಹಾರಿ, ಗಾಳಿಯಲ್ಲೇ ಪಾದಗಳನ್ನು ಪಟಪಟನೆ ಅಡ್ಡ ಹಾಯಿಸುವ ತನ್ನ ವಿದ್ಯೆ ಜನಕ್ಕೆ ಕಾಣಲಿ ಅಂತ. ಕತ್ತರಿ ಹಾಕಿದ್ದು ಕೆಲಸದ ಅಗತ್ಯಕ್ಕೆ.

ಮುಂದಿನ ದೊಡ್ಡ ತಿರುವು 1832ರ ಮಾರ್ಚ್ 12. ಪ್ಯಾರಿಸ್ ಒಪೇರಾದಲ್ಲಿ 'ಲಾ ಸಿಲ್ಫೀಡ್' ತೆರೆ ಕಂಡಿತು. ಗಾಳಿಯ ಕನ್ಯೆಯಾಗಿ ಮರೀ ತಾಲ್ಯೋನಿ ತುದಿಗಾಲಲ್ಲಿ ಕುಣಿದಳು. ತೊಟ್ಟಿದ್ದು ಗಂಟೆಯಾಕಾರದ, ಮೀನಖಂಡದ ತನಕ ಇಳಿಯುವ ಬಿಳಿ ಲಂಗ. ಇವತ್ತು ರೊಮ್ಯಾಂಟಿಕ್ ಟುಟು ಅನ್ನುವುದು ಇದನ್ನೇ. ಗ್ಯಾಸ್ ದೀಪದ ಬೆಳಕಿಗೆ ತೆಳು ಬಟ್ಟೆ ಹೊಗೆಯ ಹಾಗೆ ಕಂಡು, ಹುಡುಗಿಗೆ ತೂಕವೇ ಇಲ್ಲವೇನೋ ಅನ್ನಿಸುತ್ತಿತ್ತು.

ಬಲೆಯ ಬಟ್ಟೆ ಎಲ್ಲಿಂದ ಬಂತು?

ಟುಟುವಿನ ಜೀವಾಳ ಟೂಲ್, ಅಂದರೆ ಬಲೆಯಂಥ ಬಟ್ಟೆ. ಕೈಯಲ್ಲಿ ಹೆಣೆದರೆ ಅದು ಶ್ರೀಮಂತರಿಗಷ್ಟೇ ಎಟುಕುವ ಸರಕು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಈ ಬಲೆ ಹೆಣೆಯುವ ಯಂತ್ರಕ್ಕೆ 1809ರಲ್ಲಿ ಪೇಟೆಂಟ್ ಪಡೆದ. ಗಜಗಟ್ಟಲೆ ನೆಟ್ ಅಗ್ಗವಾಗಿ ಸಿಗುವ ಕಾಲ ಶುರುವಾಯಿತು.

1816ರ ಜೂನ್‌ನಲ್ಲಿ ಲಫ್‌ಬರೊದಲ್ಲಿದ್ದ ಅವನ ಕಾರ್ಖಾನೆಗೆ ರಾತ್ರೋರಾತ್ರಿ ನುಗ್ಗಿದ ಲಡೈಟ್ ಕಾರ್ಮಿಕರು 50ಕ್ಕೂ ಹೆಚ್ಚು ಯಂತ್ರಗಳನ್ನು ಪುಡಿ ಮಾಡಿದರು. ಹೀತ್‌ಕೋಟ್ ಊರೇ ಬಿಟ್ಟು ಟಿವರ್ಟನ್‌ನಲ್ಲಿ ಹೊಸ ಕಾರ್ಖಾನೆ ಹೂಡಿದ. ದಾಳಿ ಮಾಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ವೇದಿಕೆ ಮೇಲಿನ ಆ ಹೊಗೆಯಂಥ ಲಂಗದ ಹಿಂದೆ ಇಷ್ಟೆಲ್ಲ ಇತ್ತು.

"ಅವಳೇ ಬೇಡ ಅಂದಳು"

ಈಗ ಸ್ವಲ್ಪ ವಿಜ್ಞಾನ. ನೆಟ್ ಬಟ್ಟೆಯ ಪ್ರತಿ ಎಳೆಯ ಸುತ್ತಲೂ ಗಾಳಿ. ಪದರದ ಮೇಲೆ ಪದರ, ನಡುವೆ ಮತ್ತೆ ಗಾಳಿ. ಕಿಡಿ ತಾಗಿದರೆ ಬೆಂಕಿ ಹಬ್ಬಲು ಇನ್ನೇನು ಬೇಕು? ವೇದಿಕೆ ಪಕ್ಕದಲ್ಲೇ ಗ್ಯಾಸ್ ಜ್ವಾಲೆ ಉರಿಯುತ್ತಿತ್ತು. 1844ರಲ್ಲಿ ಲಂಡನ್ನಿನ ಡ್ರೂರಿ ಲೇನ್‌ನಲ್ಲಿ ಕ್ಲಾರಾ ವೆಬ್‌ಸ್ಟರ್ ಹೀಗೇ ಸುಟ್ಟುಕೊಂಡು ಸತ್ತಳು.

ಪರಿಹಾರ ಇರಲಿಲ್ಲ ಅಂತಲ್ಲ. ಕಾರ್ತರೋನ್ ಎಂಬಾತನ ರಾಸಾಯನಿಕ ದ್ರಾವಣದಲ್ಲಿ ಅದ್ದಿದರೆ ಬಟ್ಟೆ ಸುಲಭಕ್ಕೆ ಹೊತ್ತಿಕೊಳ್ಳುತ್ತಿರಲಿಲ್ಲ. ಅದನ್ನು ಬಳಸಬೇಕೆಂದು 1859ರಲ್ಲಿ ಫ್ರಾನ್ಸ್ ಸರ್ಕಾರದ ಆದೇಶವೂ ಹೊರಟಿತ್ತು. ಆದರೆ ಅದ್ದಿದ ಬಟ್ಟೆ ಬಿರುಸಾಗುತ್ತಿತ್ತು, ಬಿಳುಪು ಮಾಸುತ್ತಿತ್ತು. ತಾಲ್ಯೋನಿಯ ಶಿಷ್ಯೆ ಎಮ್ಮಾ ಲಿವ್ರಿ ಅದನ್ನು ತೊಡಲು ಒಪ್ಪಲಿಲ್ಲ. 1862ರ ನವೆಂಬರ್ 15ರಂದು, ತಾಲೀಮಿನ ವೇಳೆ, ಅವಳ ಲಂಗಕ್ಕೆ ಗ್ಯಾಸ್ ದೀಪದ ಬೆಂಕಿ ತಾಗಿತು. ಎಂಟು ತಿಂಗಳು ನರಳಿ ತೀರಿಕೊಂಡಳು. ಅವಳ ಉಡುಪಿನ ಕರಕಲು ಚೂರುಗಳು ಪ್ಯಾರಿಸ್ ಒಪೇರಾದ ಮ್ಯೂಸಿಯಂ ಸಂಗ್ರಹದಲ್ಲಿವೆ.

"ಅವಳೇ ಬೇಡ ಅಂದಳಲ್ಲ?" ಅಂತ ಕೈ ತೊಳೆದುಕೊಳ್ಳುವುದು ಸುಲಭ. ಇಂಜಿನಿಯರಿಂಗ್ ಮೂರನೇ ವರ್ಷ ಒಂದು ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ, ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟ ಕಾರ್ಮಿಕನ ಬಗ್ಗೆ ಸೂಪರ್‌ವೈಸರ್ ಅಂದದ್ದೂ ಇದನ್ನೇ: "ಗಾರ್ಡ್ ಹಾಕ್ಸಿದ್ವಿ. ಅವನೇ ತೆಗ್ದ." ಗಾರ್ಡ್ ಇದ್ದರೆ ಶಿಫ್ಟಿನ ಟಾರ್ಗೆಟ್ ಮುಟ್ಟುತ್ತಿರಲಿಲ್ಲ ಅನ್ನೋದು ರಿಪೋರ್ಟಿನಲ್ಲಿ ಬರಲೇ ಇಲ್ಲ.

ಎಮ್ಮಾಗೆ ಸ್ವಂತ ಬುದ್ಧಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದ ಮೇಲೂ ಆ ಬಿರುಸು ಬಟ್ಟೆ ಕುರೂಪ ಅಂತಲೇ ಅವಳು ಹೇಳಿದಳಂತೆ. ಆದರೆ ಹಗುರಾಗಿ ಕಾಣುವುದೇ ಅವಳ ಕಸುಬು. ಒಂದೋ ಬೆಂಕಿಯ ಭಯ, ಇಲ್ಲವೇ ಕಲೆಗೆ ಕುಂದು. ಈ ಎರಡನ್ನೇ ಮುಂದಿಟ್ಟು ಆರಿಸಿಕೋ ಅನ್ನುವುದು ಎಂಥ ಆಯ್ಕೆ? ಸುರಕ್ಷತೆಯ ಮೊದಲ ಪಾಠ ಅಂದರೆ ಅಪಾಯವನ್ನೇ ತೆಗೆಯಿರಿ, ದುಡಿಯುವವರ ಮೈಗೆ ರಕ್ಷಾಕವಚ ತೊಡಿಸುವುದು ಕೊನೆಯ ದಾರಿ. ತೆರೆದ ಜ್ವಾಲೆ ರಂಗಮಂದಿರಗಳಿಂದ ಮರೆಯಾಗತೊಡಗಿದ್ದು 1880ರ ದಶಕದಲ್ಲಿ ವಿದ್ಯುತ್ ದೀಪ ಬಂದ ಮೇಲೆ.

ನೋಡುವವರು ಯಾರು?

ಅದೇ ಹೊತ್ತಿಗೆ ಲಂಗ ಮತ್ತಷ್ಟು ಗಿಡ್ಡವಾಯಿತು. ಇಟಲಿಯ ನರ್ತಕಿಯರು ಕಷ್ಟದ ತಿರುಗುಗಳನ್ನು ರಷ್ಯಾಕ್ಕೆ ಒಯ್ದರು. 1895ರ 'ಸ್ವಾನ್ ಲೇಕ್'ನಲ್ಲಿ ಪಿಯೆರೀನಾ ಲೆನ್ಯಾನಿ ಒಂಟಿ ಕಾಲ ಮೇಲೆ ಸತತ 32 ಸುತ್ತು ತಿರುಗಿದಳು. ಮೀನಖಂಡ ಮುಚ್ಚುವ ಲಂಗದಲ್ಲಿ ಈ ವಿದ್ಯೆ ಪೂರ್ತಿ ಕಾಣಲ್ಲ. ಸೊಂಟದಿಂದ ಅಡ್ಡಕ್ಕೆ ಚಾಚಿ ನಿಲ್ಲುವ ಕ್ಲಾಸಿಕಲ್ ಟುಟು ರೂಪುಗೊಂಡದ್ದು ಹೀಗೆ.

ಕಾಲು ನೋಡಲು ಬಂದವರೆಲ್ಲ ನೃತ್ಯವನ್ನೇ ನೋಡುತ್ತಿರಲಿಲ್ಲ. ಪ್ಯಾರಿಸ್ ಒಪೇರಾದ ಶ್ರೀಮಂತ ಚಂದಾದಾರರಿಗೆ ರಂಗದ ಹಿಂದಿನ ಕೋಣೆಗೆ ಪ್ರವೇಶವಿತ್ತು. ಬಡಮನೆಯ ಎಷ್ಟೋ ಹುಡುಗಿಯರಿಗೆ ಅವರ "ಪೋಷಣೆ"ಯಿಲ್ಲದೆ ಬದುಕು ಸಾಗುತ್ತಿರಲಿಲ್ಲ. ದೆಗಾ ಬಿಡಿಸಿದ ಚಿತ್ರಗಳಲ್ಲಿ ಟುಟು ತೊಟ್ಟವರ ಪಕ್ಕ ಕಪ್ಪು ಸೂಟಿನ ಗಂಡಸರು ಸುಮ್ಮನೆ ನಿಂತಿಲ್ಲ. 'ಟುಟು' ಎಂಬ ಹೆಸರೂ ಅಂಡು ಎಂಬರ್ಥದ ಫ್ರೆಂಚ್ ಮಕ್ಕಳ ಮಾತಿನಿಂದ ಬಂತು ಅಂತ ಹೇಳುವುದುಂಟು.

20ನೇ ಶತಮಾನದಲ್ಲಿ ನೈಲಾನ್ ನೆಟ್ ಬಂತು. 1950ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬಾರ್ಬರಾ ಕರೀನ್ಸ್ಕಾ ಎಂಬ ವಸ್ತ್ರ ವಿನ್ಯಾಸಕಿ ಒಳಗಿನ ತಂತಿಯ ಬಳೆಯನ್ನೇ ಕಿತ್ತು, ಪೌಡರ್ ಪಫ್‌ನಂಥ ಮೆತ್ತನೆಯ ಟುಟು ಮಾಡಿದಳು. ಸಾಲಾಗಿ ಕುಣಿಯುವಾಗ ಒಬ್ಬರ ಲಂಗ ಇನ್ನೊಬ್ಬರಿಗೆ ತಾಕಿ ಓಲಾಡುವುದು ತಪ್ಪಿತು. 1974ರಿಂದ ಟ್ರೊಕಡೆರೊ ತಂಡದಲ್ಲಿ ಗಂಡಸರೇ ಟುಟು ತೊಟ್ಟು ಕುಣಿಯುತ್ತಿದ್ದಾರೆ.

ಅಂದಹಾಗೆ, ಫ್ರಾಕ್ ತಂದೆ. ಪುಟ್ಟಿ ತೊಟ್ಟುಕೊಂಡು ಎರಡು ಸುತ್ತು ತಿರುಗಿ, "ಚಿಕ್ಕಿ, ಚುಚ್ಚುತ್ತೆ" ಅಂದಳು. ಒಳಗೆ ಏನಿದೆ ಅಂತ ಮಡಚಿ ನೋಡಿದರೆ ಒಂದು ಲೇಬಲ್. ಪಾಲಿಯೆಸ್ಟರ್, ಕೆಳಗೆ ಸಣ್ಣ ಅಕ್ಷರದಲ್ಲಿ ಬೆಂಕಿಯಿಂದ ದೂರವಿಡಿ ಅನ್ನೋ ಎಚ್ಚರಿಕೆ. ಮೇಜಿನ ಮೇಲೆ ಕೇಕು, ಅದರ ಮೇಲೆ ಐದು ಮೇಣದಬತ್ತಿ. ಫ್ರಾಕ್ ಬಿಚ್ಚಿಸಲು ಹೋಗಲಿಲ್ಲ. ಮೇಣದಬತ್ತಿ ಕಿತ್ತು ಪಕ್ಕಕ್ಕಿಟ್ಟೆ.